ಶನಿವಾರದ ಬಟವಾಡೆಯಲ್ಲಿ ಮಗನ ಕವರ್ ಇರಲಿಲ್ಲ

ಈ ಪ್ರಕರಣ ಅಪರೂಪದ್ದು ಅಂತ ಬರೆಯುತ್ತಿಲ್ಲ. ಬೇಕರಿ, ಅಡಿಕೆ ಮಂಡಿ, ಹಾರ್ಡ್‌ವೇರ್ ಅಂಗಡಿ, ಯಾವ ಮನೆ ವ್ಯಾಪಾರದ ಮಗ ಆಪ್ತಸಲಹೆಗೆ ಅಂತ ಬಂದು ನನ್ನ ಎದುರು ಕೂತರೂ ಮಾತು ಸುತ್ತಿ ಸುತ್ತಿ ಇಲ್ಲಿಗೇ ಬರುತ್ತದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅವರಿಗೆ 38 ವರ್ಷ. ಅಪ್ಪ ನಾಲ್ಕು ಹೊಲಿಗೆ ಮಿಷಿನ್ ಇಟ್ಟು ಶುರುಮಾಡಿದ ಕ್ರೀಡಾ ಉಡುಪಿನ ಘಟಕ. ಟ್ರ್ಯಾಕ್ ಪ್ಯಾಂಟ್, ಕಬಡ್ಡಿ ತಂಡಗಳ ಜೆರ್ಸಿ, ಶಾಲೆಗಳಿಗೆ ಹೌಸ್ ಟೀ ಶರ್ಟ್. ತಿರುಪ್ಪೂರಿನಿಂದ ಕೆಜಿ ಲೆಕ್ಕದಲ್ಲಿ ಬಟ್ಟೆ ತರಿಸಿ ಇಲ್ಲೇ ಹೊಲಿಯುತ್ತಾರೆ. ಆರು ವರ್ಷದಿಂದ ಮಗನೇ ಎಲ್ಲ ನೋಡಿಕೊಳ್ಳುತ್ತಿದ್ದರು. ನನ್ನ ಹತ್ತಿರ ಬಂದಿದ್ದು ನಿದ್ದೆ ಬರಲ್ಲ ಅಂತ.

ಮೊದಲ ಎರಡು ಭೇಟಿ ಪೂರ್ತಿ ಅಪ್ಪನ ಮೇಲಿನ ದೂರು. ದಿನಾ 10 ಗಂಟೆಗೆ ಬಂದು ಕಟಿಂಗ್ ಟೇಬಲ್ ಪಕ್ಕ ಕೂರುತ್ತಾರೆ. ಬಿಚ್ಚಿದ ರೋಲನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಇದು 180 ಜಿಎಸ್‌ಎಂ ಇಲ್ಲ, ವಾಪಸ್ ಕಳಿಸು" ಅನ್ನುತ್ತಾರೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನೋ ಲೆಕ್ಕ. "ಸಿಟ್ಟು ಬರೋದು ಯಾಕೆ ಗೊತ್ತಾ ಮೇಡಂ, ತೂಗಿ ನೋಡಿದರೆ ಅಪ್ಪಾಜಿ ಹೇಳಿದ್ದೇ ಸರಿ ಇರುತ್ತೆ." ಜೆರ್ಸಿಗೆ ಸಬ್ಲಿಮೇಷನ್ ಪ್ರಿಂಟ್, ಅಂದರೆ ಬಿಸಿ ಕೊಟ್ಟು ಬಣ್ಣವನ್ನು ಬಟ್ಟೆಗೆ ಇಳಿಸುವ ಮುದ್ರಣ, ಶುರುಮಾಡೋಣ ಅಂದರೆ ಮಾತ್ರ ಅಪ್ಪ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಮೂರನೇ ಭೇಟಿಯಲ್ಲಿ, ಜಾಸ್ತಿ ಯೋಚನೆ ಮಾಡದೆ ಕೇಳಿದೆ: "ನಿಮ್ಮ ಸಂಬಳ ಎಷ್ಟು?"

ಅವರು ನಕ್ಕರು. "ಸಂಬಳಾನಾ? ನಮ್ಮದೇ ಅಲ್ವಾ ಮೇಡಂ."

"ಕಟಿಂಗ್ ಮಾಸ್ಟರ್‌ಗೆ?"

"ಅವರಿಗೆ ಶನಿವಾರ ಬಟವಾಡೆ. ಟೈಲರ್‌ಗಳಿಗೆ ಪೀಸ್ ಲೆಕ್ಕ. ನಾನೇ ಎಣಿಸಿ ಕವರಿಗೆ ಹಾಕ್ತೀನಿ. ಒಟ್ಟು 23 ಕವರ್."

"ನಿಮ್ಮ ಕವರ್?"

ಆ ನಗು ಅಲ್ಲೇ ನಿಂತಿತು. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಸುಮ್ನೆ ತಿರುಗಿಸುತ್ತಾ ಕೂತರು. ಮಗಳ ಫೀಸ್ ಕಟ್ಟುವಾಗ, ಹೆಂಡತಿಯ ತಮ್ಮನ ಮದುವೆಗೆ ಮುಯ್ಯಿ ಮಾಡುವಾಗ, ಅಪ್ಪನ ಹತ್ತಿರ ಹೋಗಿ ನಿಲ್ಲಬೇಕು. ಅಪ್ಪ ಇಲ್ಲ ಅಂದಿದ್ದಿಲ್ಲ. "ಎಷ್ಟು ಬೇಕು?" ಅಂತ ಕೇಳುತ್ತಾರೆ, ಅಷ್ಟೇ. ಆ ಪ್ರಶ್ನೆ ತಪ್ಪಿಸಿಕೊಳ್ಳೋಕೆ ಈ ಸಲ ಅವರು ಅಪ್ಪನ ಹತ್ತಿರ ಹೋಗಿರಲಿಲ್ಲ. ಹಾಗಾದರೆ ಫೀಸ್ ಎಲ್ಲಿಂದ ತಂದಿರಿ ಅಂದೆ. ಆಗ ಹೊರಬಂತು. ಹೆಂಡತಿಯ ಹೆಸರಲ್ಲಿ ಜಿಎಸ್‌ಟಿ ಮಾಡಿಸಿ, ಬೇರೆ ಬಡಾವಣೆಯಲ್ಲಿ ಒಂದು ಬಾಡಿಗೆ ರೂಮು ಹಿಡಿದು, ಪ್ರಿಂಟರ್, ಹೀಟ್ ಪ್ರೆಸ್ ಇಟ್ಟಿದ್ದರು. ರಾತ್ರಿ ಅಲ್ಲಿ ಕ್ರಿಕೆಟ್ ತಂಡಗಳ ಜೆರ್ಸಿ ಪ್ರಿಂಟ್ ಆಗುತ್ತಿತ್ತು. ನಿದ್ದೆ ಎಲ್ಲಿಂದ ಬರಬೇಕು?

ಮೇಲಿಂದ ಒಂದು ಸಮರ್ಥನೆ ಬೇರೆ. "ಅಡಿಡಾಸ್ ಮಗ ಹೋರ್ಸ್ಟ್ ಕೂಡ ಇದನ್ನೇ ಮಾಡಿದ್ದು." ನಿಜವೇ. ಅಡಿಡಾಸ್ ಕಟ್ಟಿದ ಅಪ್ಪ ಅಡಿ ಡಾಸ್ಲರ್ ಜರ್ಮನಿಯಲ್ಲಿದ್ದಾಗ ಮಗ ಫ್ರಾನ್ಸಿನ ಘಟಕ ನಡೆಸುತ್ತಾ, ಮನೆಯವರಿಗೆ ತಿಳಿಯದ ಹಾಗೆ ಬೇರೆ ವ್ಯವಹಾರ ಕಟ್ಟಿದ. 1973ರಲ್ಲಿ ಅರೀನಾ ಅಂತ ಈಜುಡುಗೆಯ ಬ್ರ್ಯಾಂಡ್ ತಂದ. ಕಥೆಯ ಉಳಿದರ್ಧ ನಾನು ಹೇಳಬೇಕಾಯಿತು. ಅಪ್ಪ, ಆಮೇಲೆ ಅಮ್ಮ ತೀರಿಕೊಂಡ ಮೇಲಷ್ಟೇ ಯಜಮಾನಿಕೆ ಪೂರ್ತಿ ಕೈಗೆ ಬಂತು. 1987ರಲ್ಲಿ, 51ನೇ ವಯಸ್ಸಿಗೇ ಹೋರ್ಸ್ಟ್ ಹೋದ. 1990ರಲ್ಲಿ ಕಂಪನಿಯ ದೊಡ್ಡ ಪಾಲು ಮನೆಯಿಂದಾಚೆ ಮಾರಾಟವಾಯಿತು. ಗುಟ್ಟೇ ಅದಕ್ಕೆಲ್ಲ ಕಾರಣ ಅಂತ ನಾನು ಹೇಳಲಾರೆ. ಆದರೆ ಅವನನ್ನು ಮಾದರಿ ಅಂತ ಇಟ್ಟುಕೊಳ್ಳೋದು ಬೇಡ ಅಂದೆ.

ಎರಡು ಸಲಹೆ ಕೊಟ್ಟೆ. ಒಂದು, ತಿಂಗಳ ಸಂಬಳ ಗೊತ್ತುಮಾಡಿಸಿಕೊಳ್ಳಿ, ಪಾಲುದಾರಿಕೆ ಪತ್ರದಲ್ಲಿ ಬರೆಸಿ. ಇದನ್ನು ನಾನು ಆಡಿಟರ್ ಒಬ್ಬರನ್ನು ಕೇಳಿ ತಿಳಿದುಕೊಂಡಿದ್ದೆ: 1932ರ ಪಾಲುದಾರಿಕೆ ಕಾಯ್ದೆಯ 13ನೇ ಕಲಂ ಪ್ರಕಾರ, ಒಪ್ಪಂದ ಇಲ್ಲದಿದ್ದರೆ ದುಡಿಯುವ ಪಾಲುದಾರನಿಗೆ ಸಂಬಳ ಕೇಳುವ ಹಕ್ಕೇ ಇಲ್ಲ. ಎರಡು, ಆ ರೂಮಿನ ವಿಷಯ ಅಪ್ಪನಿಗೆ ನೀವೇ ಹೇಳಿ, ಬೇರೆಯವರ ಬಾಯಿಂದ ಹೋಗುವ ಮೊದಲು.

ಜೊತೆಯಲ್ಲಿ ಕೆಲಸ ಮಾಡುವ ಕೆಲವರು ಇದಕ್ಕೆ ಆಕ್ಷೇಪ ಎತ್ತಿದರು. ಆಪ್ತಸಲಹೆ ಅಂದರೆ ಮನಸ್ಸಿನ ಮಾತು, ನೀವು ಲೆಕ್ಕಪತ್ರಕ್ಕೆ ಕೈಹಾಕಿದಿರಿ ಅಂದರು. ಇರಬಹುದು. ಅಪ್ಪ-ಮಗನ ಬಾಂಧವ್ಯದ ಬಗ್ಗೆ ಇನ್ನೂ ಹತ್ತು ಭೇಟಿ ಮಾತಾಡಬಹುದಿತ್ತು. ಆದರೆ 38ನೇ ವಯಸ್ಸಲ್ಲೂ ಮಗಳ ಫೀಸಿಗೆ ಕೈಚಾಚುವ ಮನುಷ್ಯನಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸೋಕೆ ನನಗೆ ಮನಸ್ಸು ಬರಲಿಲ್ಲ.

ನಾಲ್ಕನೇ ಭೇಟಿಗೆ ಅಪ್ಪನೂ ಬಂದರು. ಬಿಳಿ ಶರ್ಟಿನ ಜೇಬಲ್ಲಿ ಮಾರ್ಕಿಂಗ್ ಚಾಕ್. ಸಂಬಳದ ಮಾತು ಕೇಳಿ ಅವರಿಗೆ ನಿಜಕ್ಕೂ ನೋವಾಯಿತು. "ಮಗನಿಗೆ ಸಂಬಳ ಕೊಟ್ಟರೆ ಅವನು ಆಳಾಗ್ತಾನಲ್ಲಮ್ಮ. ಎಲ್ಲ ಅವನದೇ ತಾನೇ?"

ಆ ಮಾತಿಗೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಜಿಪುಣ ಅಪ್ಪ ಅಂದುಕೊಂಡಿದ್ದೆ. ಅವರು ಮಗನ ಮಾನ ಕಾಯುತ್ತಿದ್ದೇನೆ ಅಂತಲೇ ನಂಬಿದ್ದರು. ಕೊನೆಗೆ ಇಷ್ಟೇ ಕೇಳಿದೆ: "ಎಲ್ಲ ಅವರದು ಅನ್ನೋದನ್ನ ಅವರಿಗೆ ಯಾವತ್ತಾದರೂ ಹೇಳಿದ್ದೀರಾ?" ಅವರು ಮಗನ ಮುಖ ನೋಡಿದರು. ಮಗ ನೆಲ ನೋಡುತ್ತಿದ್ದ.

ಮುಂದಿನ ತಿಂಗಳು ಪತ್ರಕ್ಕೆ ತಿದ್ದುಪಡಿ ಆಯಿತು, ಸಂಬಳ ಬರುತ್ತಿದೆ. ನಿದ್ದೆ ಸ್ವಲ್ಪ ಪರವಾಗಿಲ್ಲವಂತೆ. ರೂಮಿನ ವಿಷಯ? ದಸರಾ ಕಳೆಯಲಿ ಹೇಳ್ತೀನಿ ಅಂದಿದ್ದರು. ಮೊನ್ನೆ ಫೋನ್ ಮಾಡಿದಾಗ, ಶಾಲೆಗಳ ಸ್ಪೋರ್ಟ್ಸ್ ಡೇ ಆರ್ಡರ್ ಮುಗಿಯಲಿ ಮೇಡಂ, ಅಂದರು.