ಮದ್ದು ಪಾಯಸ ತಿಂದ ಮರುದಿನ

ಪ್ರಶ್ನೆ: ಮೇಡಂ, ನಾನು ಮದುವೆಯಾಗಿ ವಿರಾಜಪೇಟೆಗೆ ಬಂದವಳು. ಕೊಡವರ ಕಕ್ಕಡ ತಿಂಗಳ 18ಕ್ಕೆ ಅತ್ತೆ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಮರುದಿನ ಮೂತ್ರ ಕೆಂಪಾಗಿದ್ದು ನೋಡಿ ತುಂಬಾ ಹೆದರಿದೆ. ಈ ಸೊಪ್ಪಿನಲ್ಲಿ ಆಂಟಿಆಕ್ಸಿಡೆಂಟ್ (ಜೀವಕೋಶಗಳಿಗಾಗುವ ಹಾನಿ ತಡೆಯುವ ಅಂಶ) ಜಾಸ್ತಿ, ಪುಡಿ ಮಾಡಿ ವರ್ಷವಿಡೀ ತಿನ್ನಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮಾವನವರಿಗೆ ಸಕ್ಕರೆ ಕಾಯಿಲೆ. ಅವರಿಗೆ ಕೊಡಬಹುದಾ?

ಉತ್ತರ: ಹೆದರಬೇಡಿ. ಅದು ರಕ್ತವಲ್ಲ, ಸೊಪ್ಪಿನ ಬಣ್ಣ. ಬೀಟ್‌ರೂಟ್ ತಿಂದಾಗಲೂ ಕೆಲವರಿಗೆ ಹೀಗೇ ಆಗುತ್ತದೆ. ಒಂದೆರಡು ದಿನವಾದರೂ ಹೋಗದಿದ್ದರೆ, ನೋವಿದ್ದರೆ, ಪಾಯಸ ತಿನ್ನದೆಯೇ ಕೆಂಪಾದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.

ಮದ್ದು ಸೊಪ್ಪಿನ ಸಸ್ಯಶಾಸ್ತ್ರದ ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್. ನಮ್ಮ ಆಡುಸೋಗೆಯ ಕುಟುಂಬದ್ದೇ ಗಿಡ. ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ 18ರಂದು ಇದರಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಎಂದು ಹಿರಿಯರು ನಂಬುತ್ತಾರೆ. ಸೊಪ್ಪು, ದಂಟು ಕುದಿಸಿದಾಗ ನೀರು ನೇರಳೆಯಾಗಿ ಮನೆ ತುಂಬಾ ಘಮ ಹರಡುತ್ತದಲ್ಲ, ಅದು ನನಗೆ ಇಂದಿಗೂ ತುಂಬಾ ಇಷ್ಟ.

ಎಲೆಯ ಸಾರದಲ್ಲಿ ಫೀನಾಲ್, ಫ್ಲೇವನಾಯ್ಡ್ ಎಂಬ ಆಂಟಿಆಕ್ಸಿಡೆಂಟ್ ಗುಣದ ವಸ್ತುಗಳು ಸಿಕ್ಕಿವೆ. ಆಂಟಿಆಕ್ಸಿಡೆಂಟ್ ಗುಣ ಅಳೆಯುವ ಒಂದು ಪರೀಕ್ಷೆ ಹೇಗಿರುತ್ತದೆ ಗೊತ್ತಾ? ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಸಾರವನ್ನು ಹಾಕುತ್ತಾರೆ. ಬಣ್ಣ ಹಳದಿಯತ್ತ ತಿರುಗಿದಷ್ಟೂ ಆ ಗುಣ ಹೆಚ್ಚು ಎಂದರ್ಥ. ಆದರೆ ಇದು ಗಾಜಿನ ಕೊಳವೆಯಲ್ಲಿ ನಡೆಯುವುದು. ಹೊಟ್ಟೆಗೆ ಹೋದ ಮೇಲೆ ಇವೇ ವಸ್ತುಗಳು ಕರುಳಲ್ಲಿ, ಲಿವರಿನಲ್ಲಿ ಬೇರೆ ರೂಪ ತಾಳುತ್ತವೆ. ಎಷ್ಟೋ ಭಾಗ ರಕ್ತಕ್ಕೆ ಸೇರುವುದೇ ಇಲ್ಲ. ಕೊಳವೆಯ ಫಲಿತಾಂಶ ಹಿಡಿದು ಇದನ್ನು ಔಷಧಿ ಎಂದು ಮಾರುವುದು ನನಗೆ ಒಪ್ಪಿಗೆಯಿಲ್ಲ.

ಮಾವನವರಿಗೆ ಪುಡಿ ಬೇಡವೇ ಬೇಡ. ಮಾತ್ರೆಗಿರುವಂಥ ಪರೀಕ್ಷಿಸಿದ ಅಳತೆ ಅದಕ್ಕಿಲ್ಲ. ಒಣಗಿಸಿದಾಗ ಒಂದು ಚಮಚದಲ್ಲಿ ಎಷ್ಟು ಸೊಪ್ಪು ಸೇರಿತು ಅಂತ ತಿಳಿಯುವುದೂ ಕಷ್ಟ. ಸಕ್ಕರೆ ಮಾತ್ರೆಯಂತೂ ಯಾವ ಕಾರಣಕ್ಕೂ ನಿಲ್ಲಿಸಬಾರದು. ಹಬ್ಬದ ದಿನ ಎರಡು ಚಮಚ ಪಾಯಸದ ರುಚಿ ನೋಡಲಿ, ಬೆಲ್ಲ ಕಡಿಮೆ ಹಾಕಿ. ಮೇಲೆ ಜೇನುತುಪ್ಪ ಬೇಡ, ಅದೂ ಸಕ್ಕರೆಯೇ ಅಲ್ವಾ?

ಪುಡಿಯ ಆಸೆಗೆ ಗಿಡವನ್ನು ಬೇರುಸಹಿತ ಕೀಳುವವರನ್ನು ಕಂಡರೆ ಸಂಕಟವಾಗುತ್ತದೆ. ಇದು ಪಶ್ಚಿಮ ಘಟ್ಟದ ಗಿಡ. ಮಳೆಗಾಲದಲ್ಲಿ ಒಂದು ಗೆಲ್ಲು ಕತ್ತರಿಸಿ ಮನೆ ಹಿಂದಿನ ನೆರಳಲ್ಲಿ ನೆಡಿ, ಬೇರು ಬಿಡುತ್ತದೆ. ಯಾವುದು ಸರಿಯಾದ ಗಿಡ ಅಂತ ಮೊದಲು ಅತ್ತೆಯವರನ್ನೇ ಕೇಳಿ ಗುರುತಿಸಿಕೊಳ್ಳಿ.