ಪದಸಂದೇಹ: ಎರಡು ರೂಪ ಕಂಡಾಗ ಯಾವುದನ್ನು ಬರೆಯೋಣ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಾಗುಣಿತದ್ದೇ. ಒಂದೇ ತೆರನಾದವನ್ನು ಸೇರಿಸಿ ಉತ್ತರಿಸಿದ್ದೇವೆ.

ಸ್ಮರಣ ಸಂಚಿಕೆಯೊಂದರ ಕರಡು ತಿದ್ದುತ್ತಿದ್ದೇನೆ. ಒಬ್ಬೊಬ್ಬ ಲೇಖಕರು ಒಂದೊಂದು ಥರ ಬರೆದಿದ್ದಾರೆ: ಅಂತಾರಾಷ್ಟ್ರೀಯ, ಅಂತರರಾಷ್ಟ್ರೀಯ, ಅಂತರಾಷ್ಟ್ರೀಯ. ಯಾವುದನ್ನು ಉಳಿಸಿಕೊಳ್ಳಲಿ?

ಮೊದಲ ಎರಡರಲ್ಲಿ ಯಾವುದನ್ನಾದರೂ ಉಳಿಸಿಕೊಳ್ಳಿ. ಮೂರನೆಯದನ್ನು ತಿದ್ದಿ.

ಸಂಸ್ಕೃತದ ಸಂಧಿಯಲ್ಲಿ ರೇಫದ (‘ರ್’ ಧ್ವನಿಯ) ಮುಂದೆ ಇನ್ನೊಂದು ರೇಫ ಬಂದರೆ ಮೊದಲನೆಯದು ಬಿದ್ದುಹೋಗುತ್ತದೆ, ಅದರ ಹಿಂದಿನ ಸ್ವರ ದೀರ್ಘವಾಗುತ್ತದೆ. ನಿರ್ + ರಸ ಸೇರಿ ನೀರಸ, ನಿರ್ + ರೋಗಿ ಸೇರಿ ನೀರೋಗಿ ಆಗುವುದು ಹೀಗೆ. ಅದೇ ದಾರಿಯಲ್ಲಿ ಅಂತರ್ + ರಾಷ್ಟ್ರೀಯ ಎಂಬುದು ಅಂತಾರಾಷ್ಟ್ರೀಯ. ಆ ದೀರ್ಘ ಸುಮ್ಮನೆ ಬಂದದ್ದಲ್ಲ, ಬಿದ್ದುಹೋದ ರೇಫದ ಗುರುತು ಅದು.

ಅಂತರರಾಷ್ಟ್ರೀಯ ಎನ್ನುವುದಕ್ಕೂ ಕಾರಣವಿದೆ. ‘ಅಂತರ’ ಎಂಬ ಪೂರ್ಣ ಪದವನ್ನು ಹಾಗೇ ಇಟ್ಟು ಮುಂದಿನ ಪದ ಜೋಡಿಸುವುದು ಕನ್ನಡದಲ್ಲಿ ರೂಢಿಯಾಗಿದೆ. ಅಂತರ ಜಿಲ್ಲಾ, ಅಂತರ ಕಾಲೇಜು ಎನ್ನುವುದಿಲ್ಲವೆ? ಇಲ್ಲಿ ಸಂಧಿಯೇ ಆಗಿಲ್ಲ, ಆದ್ದರಿಂದ ಎರಡು ‘ರ’ಗಳೂ ಉಳಿದಿವೆ.

ಅಂತರಾಷ್ಟ್ರೀಯದಲ್ಲಿ ಒಂದು ‘ರ’ ಬಿದ್ದಿದೆ, ಅದಕ್ಕೆ ಬದಲಾಗಿ ದೀರ್ಘವೂ ಬಂದಿಲ್ಲ. ಬಿಡಿಸಿದರೆ ‘ಅಂತರ್ + ಆಷ್ಟ್ರೀಯ’ ಆಗುತ್ತದೆ, ಅಂಥ ಪದವಿಲ್ಲ. ಅಂತರಾತ್ಮ (ಅಂತರ್ + ಆತ್ಮ) ಕಿವಿಯಲ್ಲಿ ಕುಳಿತಿರುವುದರಿಂದ ಕೈ ಆ ಕಡೆಗೆ ಹೊರಳುತ್ತದೆ. ಕಾರಣವಿರುವ ಎರಡು ರೂಪಗಳ ನಡುವೆ ಆಯ್ಕೆ ನಿಮ್ಮದು. ಕಾರಣವೇ ಇಲ್ಲದ್ದನ್ನು ‘ಭಾಷೆ ಬೆಳೆಯುತ್ತದೆ’ ಎಂದು ಬಿಟ್ಟುಬಿಡುವುದು ನಮಗೆ ಒಪ್ಪಿಗೆಯಲ್ಲ.

ಕೆಲಸ ಸುಲಭವಾಗಲು ಹೀಗೆ ಮಾಡಿ. ಕಡತದಲ್ಲಿ ಮೂರು ರೂಪಗಳನ್ನೂ ಬೇರೆಬೇರೆ ಹುಡುಕಬೇಡಿ, ‘ರಾಷ್ಟ್ರ’ ಎಂದಷ್ಟೇ ಹುಡುಕಿ. ಮೂರೂ ಸಿಗುತ್ತವೆ, ಜೊತೆಗೆ ‘ರಾಷ್ಟ್ರಿಯ’ ಎಂದು ಹ್ರಸ್ವ ಬಿದ್ದಿರುವ ಕಡೆಗಳೂ ಸಿಗುತ್ತವೆ. ಒಂದೇ ಏಟಿಗೆ ‘ಎಲ್ಲವನ್ನೂ ಬದಲಿಸು’ ಒತ್ತಬೇಡಿ, ಸಂಸ್ಥೆಗಳ ಹೆಸರಿನಲ್ಲಿ ಅವರು ನೋಂದಾಯಿಸಿಕೊಂಡ ರೂಪವೇ ಇರಬೇಕು.

ಮಕ್ಕಳು ಷ್ಟ, ಷ್ಠ ಎರಡನ್ನೂ ಕಲಸುತ್ತಾರೆ. ಬಾಯಿಪಾಠ ಬಿಟ್ಟರೆ ದಾರಿಯಿಲ್ಲವೆ? (ಪ್ರೌಢಶಾಲಾ ಶಿಕ್ಷಕಿ)

ಇದೆ, ಬಹುಪಾಲು ಪದಗಳಿಗೆ ಸಾಕಾಗುವಷ್ಟಿದೆ.

‘ಎಲ್ಲರಿಗಿಂತ ಹೆಚ್ಚು’ ಎಂಬರ್ಥದ ‘ಇಷ್ಠ’ ಪ್ರತ್ಯಯ ಬಂದಲ್ಲಿ ಠ: ಶ್ರೇಷ್ಠ, ಜ್ಯೇಷ್ಠ, ಕನಿಷ್ಠ, ಗರಿಷ್ಠ, ಬಲಿಷ್ಠ. ‘ನಿಲ್ಲು’ ಎಂಬರ್ಥದ ಸ್ಥಾ ಧಾತುವಿನಿಂದ ಬಂದಲ್ಲೂ ಠ, ಏಕೆಂದರೆ ಅಲ್ಲಿರುವ ‘ಥ’ವೇ ಷಕಾರದ ಪಕ್ಕದಲ್ಲಿ ‘ಠ’ ಆಗಿದೆ: ನಿಷ್ಠೆ, ಪ್ರತಿಷ್ಠೆ, ಅನುಷ್ಠಾನ, ಯುಧಿಷ್ಠಿರ. ಧಾತುವಿಗೆ ‘ತ’ ಅಥವಾ ‘ತಿ’ ಸೇರಿದ್ದರೆ ಟ: ಕಷ್ಟ, ನಷ್ಟ, ದುಷ್ಟ, ಸ್ಪಷ್ಟ, ದೃಷ್ಟಿ, ಸೃಷ್ಟಿ, ಪುಷ್ಟಿ.

ಎಡವುವುದು ‘ವಿಶಿಷ್ಟ’ದಲ್ಲಿ. ಕಿವಿಗೆ ಬಲಿಷ್ಠದ ಹಾಗೆಯೇ ಕೇಳಿಸಿದರೂ ಅದು ಶಿಷ್ + ತ, ಆದ್ದರಿಂದ ಟ. ಕರಿಹಲಗೆಯ ಮೇಲೆ ‘ಅನಿಷ್ಟ’ ಮತ್ತು ‘ಕನಿಷ್ಠ’ವನ್ನು ಅಕ್ಕಪಕ್ಕ ಬರೆದು ತೋರಿಸಿ. ಮೊದಲನೆಯದು ಇಷ್ಟವಲ್ಲದ್ದು, ಎರಡನೆಯದು ಎಲ್ಲಕ್ಕಿಂತ ಕಿರಿದು. ಇನ್ನೊಂದು ಜೋಡಿ ಷಷ್ಟಿ ಮತ್ತು ಷಷ್ಠಿ. ಅರುವತ್ತು ತುಂಬಿದಾಗ ಮಾಡುವುದು ಷಷ್ಟಿಪೂರ್ತಿ, ಪಂಚಮಿಯ ಮರುದಿನ ಬರುವುದು ಷಷ್ಠಿ. ಆಹ್ವಾನ ಪತ್ರಿಕೆಯಲ್ಲಿ ‘ಷಷ್ಠಿಪೂರ್ತಿ’ ಎಂದು ಅಚ್ಚಾದರೆ ಅರುವತ್ತು ಹೋಗಿ ಆರನೆಯದಾಗುತ್ತದೆ.

ಓಷ್ಠ, ಪೃಷ್ಠ, ಕುಷ್ಠದಂಥ ಕೆಲವನ್ನು ನೆನಪಿಡುವುದೇ ದಾರಿ. ಅಷ್ಟು, ಇಷ್ಟು, ಎಷ್ಟು ಕನ್ನಡದವೇ ಆದ್ದರಿಂದ ಅಲ್ಲಿ ಠ ಬರುವ ಮಾತೇ ಇಲ್ಲ. ‘ಕೋಷ್ಠಕ’ ಮೂಲರೂಪವಾದರೂ ಕನ್ನಡದಲ್ಲಿ ‘ಕೋಷ್ಟಕ’ ನೆಲೆಯೂರಿದೆ. ಅದಕ್ಕೆ ಕೆಂಪು ಗೀಟು ಹಾಕಬೇಡಿ.

ಒಂಬತ್ತೋ ಒಂಭತ್ತೋ?

ಒಂಬತ್ತು. ಎಂಬತ್ತು, ತೊಂಬತ್ತು, ಹತ್ತೊಂಬತ್ತು ಕೂಡ ಹಾಗೇ. ಹಳಗನ್ನಡದ ‘ಪತ್ತು’ ಅನುನಾಸಿಕದ ಮುಂದೆ ‘ಬತ್ತು’ ಆಗಿದೆ. ಮಹಾಪ್ರಾಣಕ್ಕೆ ಅಲ್ಲಿ ಜಾಗವಿಲ್ಲ.

ತತ್ವ ಎಂದು ಬರೆದರೆ ನಮ್ಮ ಹಿರಿಯರೊಬ್ಬರು ತತ್ತ್ವ ಎಂದು ತಿದ್ದುತ್ತಾರೆ. ಪತ್ರಿಕೆಗಳಲ್ಲೆಲ್ಲ ತತ್ವವೇ ಇದೆಯಲ್ಲ?

ಹಿರಿಯರು ಹೇಳುವುದು ವ್ಯಾಕರಣಕ್ಕೆ ಸರಿ. ತತ್ + ತ್ವ, ಮಹತ್ + ತ್ವ, ಸತ್ + ತ್ವ: ಮೂರರಲ್ಲೂ ಮೂಲಪದದ ಕೊನೆಯಲ್ಲಿ ಒಂದು ತಕಾರ, ಪ್ರತ್ಯಯದಲ್ಲಿ ಇನ್ನೊಂದು. ಉಜ್ಜ್ವಲ ಕೂಡ ಹೀಗೆಯೇ, ಉತ್ + ಜ್ವಲ.

ಆದರೂ ತತ್ವ, ಮಹತ್ವ, ಉಜ್ವಲಗಳನ್ನು ನಾವು ತಪ್ಪೆನ್ನುವುದಿಲ್ಲ. ಎರಡನ್ನೂ ಗಟ್ಟಿಯಾಗಿ ಓದಿ ನೋಡಿ. ವಕಾರಕ್ಕೆ ಹೋಗುವ ಮುನ್ನ ನಾಲಗೆ ಹಲ್ಲಿಗೆ ತಾಗಿ ನಿಲ್ಲುವ ಹೊತ್ತು ಎರಡರಲ್ಲೂ ಒಂದೇ, ಕೇಳುವವರಿಗೆ ಭೇದ ತಿಳಿಯದು. ಛಂದಸ್ಸಿನಲ್ಲೂ ನಷ್ಟವಿಲ್ಲ: ಮುಂದೆ ಒತ್ತಕ್ಷರವಿರುವುದರಿಂದ ಮೊದಲ ‘ತ’ ಎರಡು ರೂಪದಲ್ಲೂ ಗುರುವೇ. ಅರ್ಥವೂ ಕದಲುವುದಿಲ್ಲ. ಅಚ್ಚಿನಲ್ಲಿ ಒಂದರ ಕೆಳಗೊಂದು ಎರಡು ಒತ್ತು ಬಂದು ಸಣ್ಣ ಅಕ್ಷರದಲ್ಲಿ ಕಲಸಿಹೋಗುವ ತೊಂದರೆಯೂ ತಪ್ಪುತ್ತದೆ. ಶಾಸ್ತ್ರಗ್ರಂಥದಲ್ಲಿ ತತ್ತ್ವ, ದಿನಬಳಕೆಯಲ್ಲಿ ತತ್ವ ಎಂದಿಟ್ಟುಕೊಂಡರೆ ಯಾರಿಗೂ ಅನ್ಯಾಯವಿಲ್ಲ, ಆದರೆ ಒಂದೇ ಲೇಖನದಲ್ಲಿ ಎರಡೂ ಬೇಡ.

ತಪ್ಪಾಗುವುದು ಅತಿಯಾಗಿ ತಿದ್ದಿದಾಗ. ವ್ಯಕ್ತಿ + ತ್ವ, ಗುರು + ತ್ವ, ನಾಯಕ + ತ್ವ ಇವುಗಳಲ್ಲಿ ಇರುವುದು ಒಂದೇ ತಕಾರ. ‘ವ್ಯಕ್ತಿತ್ತ್ವ’ ಎಂದು ಬರೆದರೆ ಇಲ್ಲದ ಅಕ್ಷರವನ್ನು ತಂದು ಕೂರಿಸಿದಂತೆ.

ಕವಯತ್ರಿ ಎಂಬುದಕ್ಕೂ ಇದೇ ರಿಯಾಯಿತಿ ಕೊಡಬಹುದೆ?

ಬೇಡ ಎನ್ನುತ್ತೇವೆ. ಸರಿಯಾದ ರೂಪ ‘ಕವಯಿತ್ರಿ’. ‘ಕವಯತ್ರಿ’ಯಲ್ಲಿ ಬಿದ್ದುಹೋಗಿರುವುದು ಬಾಯಲ್ಲಿ ಸ್ಪಷ್ಟವಾಗಿ ಕೇಳಿಸುವ ಒಂದು ಸ್ವರ. ಕಷ್ಟವೆನಿಸಿದರೆ ಹೆಣ್ಣಿಗೂ ಗಂಡಿಗೂ ‘ಕವಿ’ ಎಂದರಾಯಿತು.

ಬಹುಪಾಲು ಕನ್ನಡಿಗರು ಮಾತಿನಲ್ಲಿ ಮಹಾಪ್ರಾಣ ಉಚ್ಚರಿಸುವುದೇ ಇಲ್ಲ. ಬರವಣಿಗೆಯಿಂದಲೂ ಅದನ್ನು ಬಿಟ್ಟರೆ ಮಕ್ಕಳಿಗೆ ಎಷ್ಟೋ ಹೊರೆ ಇಳಿಯುತ್ತದಲ್ಲ?

ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ಟರು ಇದೇ ವಾದವನ್ನು ವಿಸ್ತಾರವಾಗಿ ಮಂಡಿಸಿದರು. ‘ಭಟ್’ ಎಂಬ ತಮ್ಮ ಹೆಸರನ್ನೂ ‘ಬಟ್’ ಎಂದೇ ಬರೆದುಕೊಂಡರು. ಇದನ್ನು ನಕ್ಕು ತಳ್ಳಿಹಾಕುವವರು ಕನ್ನಡ ಈಗಾಗಲೇ ಏನನ್ನು ಬಿಟ್ಟಿದೆ ಎಂಬುದನ್ನು ನೆನೆಯಬೇಕು. ಆರು ಒಂದು ಕಾಲಕ್ಕೆ ‘ಆಱು’, ಏಳು ‘ಏೞು’. ‘ತಿಳಿ’ ಎಂಬರ್ಥದ ಅಱಿ ಬೇರೆ, ‘ಕತ್ತರಿಸು’ ಎಂಬರ್ಥದ ಅರಿ ಬೇರೆ. 13ನೇ ಶತಮಾನದ ವೈಯಾಕರಣ ಕೇಶಿರಾಜ ಯಾವ ಪದಗಳಲ್ಲಿ ಱ, ಯಾವುದರಲ್ಲಿ ೞ ಎಂದು ಪಟ್ಟಿ ಕೊಟ್ಟಿದ್ದಾನೆ. ಆಮೇಲೆ ಎರಡೂ ಅಕ್ಷರ ಬರವಣಿಗೆಯಿಂದ ಹೋದವು, ಕನ್ನಡ ಬಡವಾಗಲಿಲ್ಲ.

ಆದರೆ ಆ ಅಕ್ಷರಗಳು ಹೋದದ್ದು ಎಲ್ಲರ ಬಾಯಿಂದಲೂ ಆ ಧ್ವನಿ ಹೋದ ಮೇಲೆ. ಮಹಾಪ್ರಾಣ ಇನ್ನೂ ಹಲವರ ಬಾಯಲ್ಲಿದೆ, ಪಾಠ, ಭಾಷಣ, ಗಾಯನದಲ್ಲಿದೆ. ದನ–ಧನ, ಬಾರಿ–ಭಾರಿಯಂಥ ಜೋಡಿಗಳಲ್ಲಿ ಅರ್ಥ ಹೊತ್ತಿದೆ. ನಿಘಂಟಿನಲ್ಲಿ ‘ಧ’ದ ಪದಗಳು ಬೇರೆ ಜಾಗದಲ್ಲಿವೆ, ಗಣಕದಲ್ಲಿ ‘ಬಾಷೆ’ ಎಂದು ಹುಡುಕಿದವರಿಗೆ ‘ಭಾಷೆ’ ಎಂದು ಬರೆದದ್ದು ಸಿಗದೇ ಹೋಗಬಹುದು. ಆದ್ದರಿಂದ ಸಂಸ್ಕೃತದಿಂದ ಬಂದ ಪದಗಳಲ್ಲಿ ಸದ್ಯಕ್ಕೆ ಉಳಿಸಿಕೊಳ್ಳಬೇಕೆಂಬುದು ನಮ್ಮ ನಿಲುವು. ಅಚ್ಚಗನ್ನಡ ಪದಗಳಿಗೆ, ಧಗಧಗ, ಘಮಘಮದಂಥ ಅನುಕರಣ ಶಬ್ದಗಳನ್ನು ಬಿಟ್ಟರೆ, ಮಹಾಪ್ರಾಣ ಬೇಕಾಗಿಲ್ಲ.

ಮಕ್ಕಳ ಹೊರೆ ಇಳಿಸಲು ಬೇರೆ ದಾರಿಯಿದೆ. ಉತ್ತರ ಪತ್ರಿಕೆಯಲ್ಲಿ ಒಂದೇ ಪದದ ತಪ್ಪನ್ನು ಒಂದೇ ಸಲ ಎಣಿಸಿ, ಹತ್ತು ಕಡೆ ಬಂತೆಂದು ಹತ್ತು ಸಲ ಅಂಕ ಕಳೆಯಬೇಡಿ. ವಿಜ್ಞಾನ, ಸಮಾಜ ಪತ್ರಿಕೆಗಳಲ್ಲಿ ‘ಬಾರತ’ ಎಂದು ಬರೆದ ಮಗುವಿನ ಉತ್ತರ ಸರಿಯಿದ್ದರೆ ಪೂರ್ಣ ಅಂಕ ಕೊಡಿ. ಮಹಾಪ್ರಾಣ ಬಿಟ್ಟವರಿಗೆ ‘ಕನ್ನಡವೇ ಬರುವುದಿಲ್ಲ’ ಎನ್ನುವುದು ದೊಡ್ಡ ಅನ್ಯಾಯ. ಮನೆಮಾತಿನಲ್ಲಿ ಇಲ್ಲದ ಧ್ವನಿಯನ್ನು ಅವರು ಕಣ್ಣಿನಿಂದಲೇ ಕಲಿಯಬೇಕಾಗಿದೆ.

ಆ ಹೆದರಿಕೆಯ ಫಲ ಬ್ಯಾನರುಗಳಲ್ಲಿ ಕಾಣುತ್ತದೆ. ‘ಹಾರ್ಧಿಕ ಅಭಿನಂಧನೆ’, ‘ಜವಾಬ್ಧಾರಿ’, ‘ಉಚ್ಛಾರಣೆ’: ಎಲ್ಲಿ ತಪ್ಪುತ್ತದೋ ಎಂಬ ಅಳುಕಿನಿಂದ ಇಲ್ಲದ ಕಡೆಯೂ ಹೊಟ್ಟೆ ಸೀಳುವುದು. ಹೃದ್ ಎಂಬುದರಿಂದ ಹಾರ್ದಿಕ, ಉತ್ + ಚಾರಣೆ ಸೇರಿ ಉಚ್ಚಾರಣೆ, ಜವಾಬ್ದಾರಿಗೂ ಮಹಾಪ್ರಾಣಕ್ಕೂ ಸಂಬಂಧವಿಲ್ಲ. ಒಂದು ಸೂತ್ರ ನೆನಪಿಟ್ಟರೆ ಅರ್ಧ ತಪ್ಪು ಕಳೆಯುತ್ತದೆ: ಒಂದೇ ವರ್ಗದ ಎರಡು ಅಕ್ಷರ ಕೂಡಿದಾಗ ಮೇಲಿನದು ಅಲ್ಪಪ್ರಾಣವೇ. ಶುದ್ಧ, ಬುದ್ಧಿ, ಸ್ವಚ್ಛ. ಮೇಲೆ ‘ಧ’ ಬರೆದು ಕೆಳಗೂ ಅದರದೇ ಒತ್ತು ಕೊಡುವ ಪದವಿಲ್ಲ.

ಕೋಟ್ಯಾಧಿಪತಿ, ಜಾತ್ಯಾತೀತ, ಕೋಟ್ಯಾಂತರ?

ಕೋಟಿ + ಅಧಿಪತಿ, ಜಾತಿ + ಅತೀತ, ಕೋಟಿ + ಅಂತರ. ಎರಡನೆಯ ಪದ ಅಕಾರದಿಂದ ಶುರುವಾಗುವುದರಿಂದ ಯಣ್ ಸಂಧಿಯಲ್ಲಿ ಕೋಟ್ಯಧಿಪತಿ, ಜಾತ್ಯತೀತ, ಕೋಟ್ಯಂತರ. ಲಕ್ಷಾಂತರದ ದೀರ್ಘ ಕೋಟಿಗೂ ಅಂಟಿಕೊಂಡಿದೆ. ಅತ್ಯಾಧುನಿಕದಲ್ಲಿ ದೀರ್ಘ ಸರಿ, ಅಲ್ಲಿರುವುದು ‘ಆಧುನಿಕ’.

ಕಛೇರಿ, ಕಚೇರಿ, ಸರಕಾರ, ಸರ್ಕಾರ?

ನಾಲ್ಕೂ ನಡೆಯುತ್ತವೆ. ಹಿಂದಿಯ ‘ಕಚಹರಿ’ಯಲ್ಲಿ ಚ, ಹ ಎರಡೂ ಇವೆ, ಮರಾಠಿಯಲ್ಲಿ ‘ಕಚೇರಿ’. ಹೊಸದಾಗಿ ಬರೆಯುವವರು ಕಚೇರಿ ಎಂದರೆ ಸಾಕು. ಹಳೆಯ ಫಲಕ ಕಿತ್ತು ಹೊಸದು ಹಾಕಬೇಕಾಗಿಲ್ಲ.

ಜಾಲತಾಣಗಳಲ್ಲಿ ‘ಕನಾರ್ಟಕ’, ‘ಕಾಯರ್ಕ್ರಮ’ ಎಂದು ಏಕೆ ಬರುತ್ತದೆ? ‘ಆರ್ಶೀವಾದ’ವೂ ಅದೇ ತಪ್ಪೆ?

ಎರಡಕ್ಕೂ ಮೂಲ ಅರ್ಕಾವೊತ್ತು. ಅದರ ಧ್ವನಿ ಮೊದಲು, ಗುರುತು ಆಮೇಲೆ. ‘ಕರ್ನಾಟಕ’ದಲ್ಲಿ ರ್ ಉಚ್ಚಾರವಾಗುವುದು ‘ನಾ’ಗಿಂತ ಮುಂಚೆ, ಬರೆಯುವುದು ‘ನಾ’ ಆದ ಮೇಲೆ. ಯುನಿಕೋಡ್‌ಗೆ ಮುಂಚಿನ ಅಕ್ಷರಶೈಲಿಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ಕ, ನಾ, ಅರ್ಕಾವೊತ್ತು, ಟ, ಕ ಎಂದು ಕೂಡಿಡುತ್ತಿದ್ದವು. ಯುನಿಕೋಡ್ ಉಚ್ಚಾರದ ಕ್ರಮದಲ್ಲಿ ಕೂಡಿಡುತ್ತದೆ. ಪರಿವರ್ತಿಸುವ ತಂತ್ರಾಂಶ ರ್ ಅನ್ನು ಹಿಂದಕ್ಕೆ ಒಯ್ಯದೆ ಇದ್ದಲ್ಲೇ ಬಿಟ್ಟರೆ ಕನಾರ್ಟಕ ಹುಟ್ಟುತ್ತದೆ. ಹಳೆಯ ಕಡತ ಪರಿವರ್ತಿಸಿದ ಕೂಡಲೇ ‘ಕನಾರ್’, ‘ಕಾಯರ್’, ‘ಧಮರ್’ ಎಂದು ಹುಡುಕಿ, ಒಂದು ಸಿಕ್ಕರೂ ಇಡೀ ಕಡತವನ್ನು ಬೇರೆ ತಂತ್ರಾಂಶದಲ್ಲಿ ಮತ್ತೆ ಪರಿವರ್ತಿಸಿ.

ಆರ್ಶೀವಾದ ಮನುಷ್ಯರದೇ ತಪ್ಪು. ಆ–ಶೀರ್–ವಾ–ದ ಎಂದು ಬಿಡಿಸಿ ಹೇಳಿಕೊಂಡರೆ ರ್ ಎಲ್ಲಿದೆಯೆಂದು ಕಿವಿಯೇ ಹೇಳುತ್ತದೆ.

ಮತ್ತೆ ‘ರ್ಯಾಂಕ್’ ಸರಿಯೋ ‘ರ‍್ಯಾಂಕ್’ ಸರಿಯೋ?

ಎರಡರಲ್ಲೂ ಇರುವ ಅಕ್ಷರಗಳು ಅವೇ, ಬೇರೆಯಾದದ್ದು ಆಕಾರ. ಪದದ ಮೊದಲಲ್ಲಿ ‘ರ’ ಕಂಡರೆ ಓದಲು ಸಲೀಸು, ಆದ್ದರಿಂದ ಅಚ್ಚಿಗೆ ‘ರ‍್ಯಾಂಕ್’, ‘ರ‍್ಯಾಲಿ’ ಒಳ್ಳೆಯದು. ‘ರ’ ಒತ್ತಿದ ಮೇಲೆ ಕಣ್ಣಿಗೆ ಕಾಣದ ಕೂಡುಗುರುತನ್ನು (ಯುನಿಕೋಡ್ ಸಂಖ್ಯೆ 200ಡಿ) ಹಾಕಿ, ಆಮೇಲೆ ಹಲಂತ (ಸ್ವರವಿಲ್ಲವೆಂದು ತೋರಿಸುವ ಗುರುತು), ಆಮೇಲೆ ‘ಯಾ’. ಆ ಗುರುತೂ ಕಡತದಲ್ಲಿ ಒಂದು ಅಕ್ಷರವಾಗಿ ಕೂರುವುದರಿಂದ, ಮುಂದೆ ಹುಡುಕುವಾಗ ಎರಡೂ ರೂಪಗಳನ್ನು ಕೊಟ್ಟು ಹುಡುಕಿ.