ಅಮೆರಿಕದ ದಕ್ಷಿಣ ರಾಜ್ಯಗಳ ಬ್ಲೂಸ್, ಸೋಲ್ (ಅಲ್ಲಿನ ಕಪ್ಪು ಜನರ ಎರಡು ಸಂಗೀತ ಶೈಲಿಗಳು) ಕೇಳಲು ಯಾವ ಹಾಡಿನ ಸಂಕಲನದಿಂದ ಶುರು ಮಾಡಲಿ?

ನನ್ನನ್ನು ಕೇಳಿದರೆ 1999ರಲ್ಲಿ ಬಂದ ‘ದಿ ಲಾಸ್ಟ್ ಸೋಲ್ ಕಂಪನಿ’. ಮಿಸಿಸಿಪ್ಪಿಯ ಜಾಕ್ಸನ್ ಊರಿನ ಮಲಾಕೋ ಎಂಬ ಸಣ್ಣ ರೆಕಾರ್ಡ್ ಕಂಪನಿಯ ಹಾಡುಗಳು, ಒಟ್ಟು ಆರು ಸಿಡಿ. ಜಾಸ್ತಿ ಅನ್ನಿಸಿದರೆ ಗಾಬರಿ ಬೇಡ, ಮೊದಲು ಮೂರು ಹಾಡು ಸಾಕು.

1970ರಲ್ಲಿ ವಾರ್ಡೆಲ್ ಕೆಜೇರ್ ಎಂಬ ಸಂಗೀತ ಸಂಯೋಜಕರು ನ್ಯೂ ಆರ್ಲಿಯನ್ಸ್‌ನಿಂದ ಗಾಯಕರನ್ನು ಶಾಲಾ ಬಸ್ಸಿನಲ್ಲಿ ತುಂಬಿಕೊಂಡು ಮಲಾಕೋ ಸ್ಟುಡಿಯೋಗೆ ಬಂದರು. ಹೌದು, ಶಾಲಾ ಬಸ್ಸೇ! ಆ ಒಂದೇ ಸಲಕ್ಕೆ ಕಿಂಗ್ ಫ್ಲಾಯ್ಡ್ ಅವರ ‘ಗ್ರೂವ್ ಮಿ’, ಜೀನ್ ನೈಟ್ ಅವರ ‘ಮಿಸ್ಟರ್ ಬಿಗ್ ಸ್ಟಫ್’ ಎರಡೂ ರೆಕಾರ್ಡ್ ಆದವು. ದೊಡ್ಡ ಕಂಪನಿಗಳು ಮೊದಲು ಬೇಡ ಅಂದವು. ಆಮೇಲೆ ಎರಡೂ ಭರ್ಜರಿ ಹಿಟ್. ‘ಗ್ರೂವ್ ಮಿ’ಯಲ್ಲಿ ಬೇಸ್ ಗಿಟಾರ್ ತಡೆದು ತಡೆದು ನುಡಿಯುವುದನ್ನು ಗಮನಿಸಿ, ಕಾಲು ತಾನಾಗಿ ತಾಳ ಹಾಕುತ್ತದೆ.

ಮೂರನೆಯದು ಡೊರೊಥಿ ಮೂರ್ ಅವರ ‘ಮಿಸ್ಟಿ ಬ್ಲೂ’, 1976ರ ಹಿಟ್. ನಿಧಾನದ ಹಾಡು, ರಾತ್ರಿ ಕೇಳಿ.

ಬ್ಲೂಸ್ ಬೇಕಿದ್ದರೆ ಝಡ್.ಝಡ್. ಹಿಲ್ ಇದ್ದಾರೆ. ಡಿಸ್ಕೋ ಗದ್ದಲದ ನಂತರ, 1980ರ ದಶಕದ ಶುರುವಿನಲ್ಲಿ, ‘ಡೌನ್ ಹೋಮ್ ಬ್ಲೂಸ್’ ಹಾಡಿ ಈ ಕಂಪನಿಯನ್ನು ಎತ್ತಿ ನಿಲ್ಲಿಸಿದವರು ಅವರೇ. ಕೊನೆಯ ಸಿಡಿಗಳು ನನಗೆ ಸ್ವಲ್ಪ ಸಪ್ಪೆ, ಕೀಬೋರ್ಡ್ ಸದ್ದು ಜಾಸ್ತಿ ಆಯ್ತು.